ತಳ ಕೊಯ್ದ ಹಾಡು

ಯಾರಾದರೂ ನಮ್ಮನ್ನು ‘ಪ್ರಭಾವ ಬೀರಿದ ತಂಡ’ ಎಂದು ಕರೆದರೆ ನನಗೆ ಹಾಗೆ ಕರೆದವರ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತದೆ. ಪ್ರಭಾವ ಬೀರಿದ್ದು ಸುಳ್ಳಲ್ಲ. ಬರ್ಲಿನ್ನಿನಲ್ಲಿ, ಶಿಕಾಗೋದಲ್ಲಿ, ಇನ್ನೆಲ್ಲೆಲ್ಲೋ ಹುಡುಗರು ನಮ್ಮ ‘ನಾಲ್ಕನೇ ಪಾಳಿ’ಯನ್ನು ಕೇಳಿ ಕೇಳಿ ತಮ್ಮ ಹಾಡು ಕಟ್ಟಿದರು. ಆದರೆ ಅವರು ಕಲಿತದ್ದು ನಾನು ಮಾಡಿದ್ದನ್ನಲ್ಲ. ನಾನು ಮಾಡಿದ್ದನ್ನು ಕಿತ್ತೆಸೆದ ಮೇಲೆ ಏನು ಉಳಿಯಿತೋ ಅದನ್ನು.

ನಾನು ಮಾಡಿದ್ದು ಬೇಸ್. ಹಾಡಿನ ತಳ. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವ ದನಿ. ಆ ರೆಕಾರ್ಡಿನಲ್ಲಿ ಅದು ಇಲ್ಲ.

ನಾನು ಬೆಳೆದದ್ದು ಶೆಫೀಲ್ಡಿನ ಬರ್ನ್‌ಗ್ರೀವ್‌ನಲ್ಲಿ, ವಿಲ್ಟನ್ ಮಾವನ ಪೆಟ್ಟಿಗೆಗಳ ಸಂದಿಯಲ್ಲಿ. ಮಾವ ಜಮೈಕಾದ ಕ್ಲಾರೆಂಡನ್ನಿನಿಂದ ಬಂದು ಇಲ್ಲಿನ ಉಕ್ಕಿನ ಗಿರಣಿ ಸೇರಿದವನು. ವಾರವಿಡೀ ಕಬ್ಬಿಣ, ಭಾನುವಾರ ಸಂಗೀತ. ಬಟ್ಟೆಯ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತಾನೇ ಹಲಗೆ ಕೊಯ್ದು ಮಾಡಿದ್ದ. ‘ಕ್ಲಾರೆಂಡನ್ ಥಂಡರ್’ ಎಂದು ಅವಕ್ಕೆ ಹೆಸರು. ಭಾನುವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಅವನ್ನು ಗೋಡೆಯಂತೆ ಪೇರಿಸಿ ರೆಕಾರ್ಡು ಹಾಕುತ್ತಿದ್ದ. ಅನ್ನ-ಅವರೆ, ಕರಿದ ಮೀನು, ಶುಂಠಿ ಬಿಯರು, ಮಕ್ಕಳು, ಮುದುಕಿಯರು, ಎಲ್ಲ ಅಲ್ಲೇ. ಶಾಲೆಗೆ ಹೋಗುವಾಗಲೇ ನಾನು ತಂತಿ ಬೆಸೆಯಲು ಕಲಿತಿದ್ದೆ. ಅಲ್ಲಿ ಸೇರುತ್ತಿದ್ದ ಗಂಡಸರು ಅದನ್ನು ಸಹಿಸುತ್ತಿರಲಿಲ್ಲ.

“ಹುಡುಗಿಗೆ ಬಾಗಿಲಲ್ಲಿ ಟಿಕೆಟ್ ಹರಿಯೋಕೆ ಹೇಳು ವಿಲ್ಟನ್. ಅಂಪ್ಲಿಫೈಯರ್ ಮುಟ್ಟಿ ಸುಟ್ಟುಗಿಟ್ಟಾಳು.”

“ನಿಮ್ಮಷ್ಟೂ ಜನರ ಕಿವಿ ಸೇರಿಸಿದ್ರೂ ಅವಳ ಒಂದು ಕಿವಿಗೆ ಸಮ ಆಗಲ್ಲ ಕಣ್ರೋ,” ಎಂದಿದ್ದ ಮಾವ. “ಟಿಕೆಟ್ ನೀವು ಹರೀರಿ.”

ರಸ್ ಸ್ಟ್ಯಾನಿಫೋರ್ತ್ ಅಲ್ಲಿಗೆ ಬಂದದ್ದು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ. ಅವನ ಅಪ್ಪ ಅಟರ್‌ಕ್ಲಿಫ್‌ನ ಕುಲುಮೆಯಲ್ಲಿ ಆವಿ ಸುತ್ತಿಗೆ ನಡೆಸುತ್ತಿದ್ದವನು. ಕುಲುಮೆ ಮುಚ್ಚುವ ವಾರ ರಸ್ ಒಂದು ಕ್ಯಾಸೆಟ್ ಯಂತ್ರವನ್ನು ಜರ್ಕಿನ್ನಿನೊಳಗೆ ಬಚ್ಚಿಟ್ಟುಕೊಂಡು ಹೋಗಿ ಆ ಸುತ್ತಿಗೆಯ ಸದ್ದನ್ನೆಲ್ಲ ಹಿಡಿದು ತಂದಿದ್ದ. ಸಭಾಂಗಣದಲ್ಲಿ ಮಾವನ ಪೆಟ್ಟಿಗೆಯ ಎದುರು ನಿಂತು ಎದೆ ಸವರಿಕೊಂಡ.

“ನಮ್ಮಪ್ಪನ ಸುತ್ತಿಗೆ ಥರಾನೇ ಹೊಡೆಯುತ್ತಲ್ಲೇ ಇದು.”

“ನಿಮ್ಮಪ್ಪನಿಗೆ ತಾಳ ಇರ್ಲಿಲ್ಲ ಬಿಡು,” ಎಂದೆ. “ತಾಳ ನಾನು ಕೊಡ್ತೀನಿ.”

ಹಾಗೆ ಹುಟ್ಟಿದ್ದು ನಮ್ಮ ತಂಡ ‘ಟಿಲ್ಟ್‌ಹ್ಯಾಮರ್’. ಮೇಲೆ ಅವನ ಕಬ್ಬಿಣ, ಕೆಳಗೆ ನನ್ನ ಬೇಸ್. ಹಾಡು ಧ್ವನಿಮುದ್ರಣವಾದ ಮೇಲೆ ನಾನು ಮಿಕ್ಸಿಂಗ್ ಮೇಜಿನ ಮುಂದೆ ಕೂತು, ಒಂದು ದನಿಯನ್ನು ಎಳೆದು, ಇನ್ನೊಂದನ್ನು ಮುಳುಗಿಸಿ, ಮಾತನ್ನು ಪ್ರತಿಧ್ವನಿಯಲ್ಲಿ ಕಳೆದು, ಕೊನೆಗೆ ಎಲ್ಲವನ್ನೂ ತೆಗೆದು ಬೇಸನ್ನು ಮಾತ್ರ ನಿಲ್ಲಿಸುತ್ತಿದ್ದೆ. ಅದನ್ನೇ ಡಬ್ ಅನ್ನುವುದು. ಎಲ್ಲ ಹೋದ ಮೇಲೂ ತಳ ಇರಬೇಕು.

‘ನಾಲ್ಕನೇ ಪಾಳಿ’ ನಮ್ಮ ಐದನೆಯದೋ ಆರನೆಯದೋ ಹಾಡು. ಗಿರಣಿಗಳಲ್ಲಿ ಇದ್ದದ್ದು ಮೂರು ಪಾಳಿ. ಕೆಲಸ ಕಳೆದುಕೊಂಡು ಬೀದಿಯಲ್ಲಿ ನಿಂತವರದು ನಾಲ್ಕನೆಯದು. ಮಾವನೂ ಅಷ್ಟು ಹೊತ್ತಿಗೆ ಅದೇ ಪಾಳಿಗೆ ಸೇರಿದ್ದ. ರಸ್‌ನ ಅಪ್ಪನೂ. ಆ ಹಾಡಿನ ಬೇಸ್ ಕಟ್ಟಲು ನನಗೆ ಒಂದು ಚಳಿಗಾಲ ಹಿಡಿಯಿತು. ಭಾರವಾಗಿರಬೇಕಿತ್ತು, ಆದರೆ ಕುಸಿಯಬಾರದಿತ್ತು. ಅದರ ಮೇಲೆ ಜನ ಕುಣಿಯಬೇಕಿತ್ತು.

ಲಂಡನ್ನಿನಿಂದ ಪಿಯರ್ಸ್ ಬಂದ. ಉದ್ದ ಕೋಟು, ಸಣ್ಣ ರೆಕಾರ್ಡ್ ಕಂಪನಿ, ತುಂಬ ನಯವಾದ ಮಾತು. ಹಾಡು ಕೇಳಿ ಕಣ್ಣು ಮುಚ್ಚಿ ತಲೆದೂಗಿದ. ಕರಾರಿಗೆ ಸಹಿ ಹಾಕಿದೆವು. ಕೆಲವು ವಾರಗಳ ನಂತರ ಅಚ್ಚಿನ ಮೊದಲ ಪ್ರತಿ ಅಂಚೆಯಲ್ಲಿ ಬಂತು. ನಾವು ಕೇಳಿ ಸರಿ ಎಂದರೆ ಉಳಿದ ಸಾವಿರಾರು ಪ್ರತಿ ಅಚ್ಚಾಗುತ್ತವೆ.

ನಮ್ಮಲ್ಲಿ ಹಾಡು ಸರಿಯಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ಕೇಳುವ ಪದ್ಧತಿಯೇ ಇಲ್ಲ. ಪೆಟ್ಟಿಗೆಗಳ ಮೇಲೆ, ಜನರ ಎದುರು ಹಾಕಿ ನೋಡಬೇಕು. ಮನೆಯ ಪ್ಲೇಯರು ಇರುವುದು ಅಮ್ಮನ ಕ್ರಿಸ್‌ಮಸ್ ಹಾಡುಗಳಿಗೆ. ಭಾನುವಾರ ಮಾವನ ಬಳಿ ಪ್ರತಿ ಕೊಟ್ಟೆ. ಮುಳ್ಳು ಇಳಿಯಿತು. ನೆಲ ನಡುಗಿತು. ಚಾವಣಿಯಿಂದ ಸುಣ್ಣದ ಚಕ್ಕೆ ಉದುರಿ ಪಾದ್ರಿಯ ಹೆಂಡತಿಯ ಟೋಪಿಯ ಮೇಲೆ ಬಿತ್ತು. ಜನ ಖುಷಿಯಿಂದ ಗೋಡೆ ಗುದ್ದಿ ಕೂಗಿದರು. ಸೋಮವಾರ ಬೆಳಿಗ್ಗೆ ಪಿಯರ್ಸ್‌ಗೆ ಫೋನ್ ಮಾಡಿ “ಸರಿ ಇದೆ, ಅಚ್ಚು ಹಾಕಿಸಿ” ಎಂದೆವು.

ರೆಕಾರ್ಡು ಅಂಗಡಿಗೆ ಬಂದ ದಿನ ರಸ್‌ನ ಅಮ್ಮ ಒಂದು ಪ್ರತಿ ಕೊಂಡು ತಂದಿದ್ದಳು. ಅವಳ ಅಡುಗೆಮನೆಯಲ್ಲಿ, ಚಹಾ ಕುಡಿಯುತ್ತಾ, ನಾನು ‘ನಾಲ್ಕನೇ ಪಾಳಿ’ಯನ್ನು ಮೊದಲ ಸಲ ಮಾಮೂಲಿ ಪ್ಲೇಯರಿನಲ್ಲಿ ಕೇಳಿದೆ. ಟಣ್ ಟಣ್ ಟಣ್. ಯಾರೋ ಖಾಲಿ ಡಬ್ಬಕ್ಕೆ ಚಮಚದಲ್ಲಿ ಹೊಡೆದಂತೆ. ಕೆಳಗೆ ಏನೂ ಇರಲಿಲ್ಲ.

“ಚೆನ್ನಾಗಿದೆ ಕಣಮ್ಮಾ,” ಎಂದಳು ರಸ್‌ನ ಅಮ್ಮ. “ಸ್ವಲ್ಪ ಗಲಾಟೆ, ಅಷ್ಟೇ.”

ನಾನು ಪ್ಲೇಯರನ್ನು ಅಲುಗಾಡಿಸಿದೆ. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ರೆಕಾರ್ಡು ಹಾಕಿದೆ, ಅದರಲ್ಲಿ ಬೇಸ್ ಇತ್ತು. ಆಮೇಲೆ ಹೊಳೆಯಿತು. ಮಾವನ ಅಂಪ್ಲಿಫೈಯರಿನಲ್ಲಿ ಬೇಸಿನ ಗುಂಡಿಯನ್ನು ಅವನು ಯಾವತ್ತೋ ಕೊನೆಯವರೆಗೆ ತಿರುಗಿಸಿ, ಹಾಗೇ ಬಿಟ್ಟು, ಮೇಲೆ ಟೇಪು ಅಂಟಿಸಿದ್ದ. ಆ ಪೆಟ್ಟಿಗೆಗಳಲ್ಲಿ ಹವಾಮಾನ ವರದಿ ಹಾಕಿದರೂ ಕಿಟಕಿ ಅದುರುತ್ತಿತ್ತು. ಸತ್ತ ಬೇಸನ್ನೂ ಅವು ಎಬ್ಬಿಸಿ ಕುಣಿಸಿದ್ದವು. ಪಿಯರ್ಸ್ ತಳ ಕೊಯ್ದು ಕಳಿಸಿದ್ದ ಪ್ರತಿಯನ್ನು ಇಡೀ ಇಂಗ್ಲೆಂಡಿನಲ್ಲಿ ಗುರುತು ಹಿಡಿಯಲಾಗದ ಒಂದೇ ಒಂದು ಜಾಗದಲ್ಲಿ ನಾವು ಪರೀಕ್ಷೆ ಮಾಡಿದ್ದೆವು.

ರಸ್ತೆಯ ಮೂಲೆಯ ಫೋನ್ ಡಬ್ಬಿಯಿಂದಲೇ ಪಿಯರ್ಸ್‌ಗೆ ಕರೆ ಮಾಡಿದೆ.

“ಬೇಸ್ ಎಲ್ಲಿ?”

“ಡಾನೆಟ್, ಅಷ್ಟು ಆಳದ ದನಿಗೆ ರೆಕಾರ್ಡಿನಲ್ಲಿ ತುಂಬ ಅಗಲದ ಗೆರೆ ಬೇಕಾಗುತ್ತೆ. ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರುತ್ತೆ. ಅಂಗಡಿಯವರು ವಾಪಸ್ ಕಳಿಸ್ತಾರೆ. ಅದಕ್ಕೇ ಸ್ವಲ್ಪ ತೆಳು ಮಾಡಿಸಿದೆ.”

“ನಮ್ಮನ್ನ ಕೇಳದೆ?”

“ಕೇಳಿದೆನಲ್ಲ. ಪ್ರತಿ ಕಳಿಸಿದೆ. ನೀವೇ ಸರಿ ಅಂದ್ರಿ.”

ನಾನು ಬೈದ ಬೈಗುಳ ಕೇಳಿ ಹೊರಗೆ ಸರದಿ ಕಾಯುತ್ತಿದ್ದ ಮುದುಕ ನಾಯಿಯ ಸಮೇತ ದೂರ ಸರಿದ.

ಮುಂದಿನದ್ದು ಎಲ್ಲರಿಗೂ ಗೊತ್ತು ಎನ್ನುತ್ತಾರೆ. ಪತ್ರಿಕೆಗಳು ಬರೆದವು: ತಣ್ಣಗಿನ ಸಂಗೀತ, ಲೋಹದ ಸಂಗೀತ, ನಾಳೆಯ ಸಂಗೀತ. ಡಬ್ ಅನ್ನು ಅದರ ಮೈಯಿಂದ ಬಿಡುಗಡೆ ಮಾಡಿದವರು ಎಂದು ಒಬ್ಬ ಬರೆದ. ಅದನ್ನು ಮಾವನಿಗೆ ಓದಿ ಹೇಳಿದೆ. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು ಚಾಕು ಕೆಳಗಿಟ್ಟ.

“ಮೈಯಿಂದ ಬಿಡುಗಡೆ ಮಾಡೋದಕ್ಕೆ ನಮ್ಮೂರಲ್ಲಿ ಕೊಲೆ ಅಂತಾರೆ.”

ರೆಕಾರ್ಡು ಓಡಿತು. ನಾವು ಊರೂರು ಸುತ್ತಿದೆವು. ಮುಂದಿನ ರೆಕಾರ್ಡನ್ನು ಮೊದಲೇ ತೆಳುವಾಗಿ ಮಾಡಿಕೊಡಿ ಎಂದು ಪಿಯರ್ಸ್ ಕೇಳಿದ. ರಸ್ ಒಪ್ಪಿದ. “ಜನಕ್ಕೆ ಅದೇ ಬೇಕಲ್ಲೇ, ಏನ್ ಮಾಡೋಣ,” ಎಂದ. ವೇದಿಕೆಯ ಮೇಲೆ ನಾನು ಮೇಜಿನ ಹಿಂದೆ ಕೂತು ಇಲ್ಲದ ಬೇಸನ್ನು ನಿಭಾಯಿಸುತ್ತಿದ್ದೆ. ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಕಾರ್ಯಕ್ರಮದ ನಡುವೆ ಎದ್ದು ಹೋಗಿ ರೈಲು ಹತ್ತಿದೆ. ಟಿಲ್ಟ್‌ಹ್ಯಾಮರ್ ಅಲ್ಲಿಗೆ ಮುಗಿಯಿತು. ನಾನು ಲಿಫ್ಟ್ ದುರಸ್ತಿಯ ಕೆಲಸ ಹಿಡಿದೆ. ಲಿಫ್ಟಿನಲ್ಲಿ ಯಾರೂ ತಳ ತೆಗೆಯುವುದಿಲ್ಲ.

ಇಪ್ಪತ್ತೈದು ವರ್ಷದ ನಂತರ ಇಮೋಜನ್ ಎಂಬ ಹುಡುಗಿ ಫೋನ್ ಮಾಡಿದಳು. ಪಿಯರ್ಸ್‌ನ ಕಂಪನಿಯನ್ನು ಕೊಂಡುಕೊಂಡ ದೊಡ್ಡ ಕಂಪನಿಯವಳು. ‘ನಾಲ್ಕನೇ ಪಾಳಿ’ಯನ್ನು ಮತ್ತೆ ಹೊರತರುತ್ತಾರಂತೆ. ಅಂದವಾದ ಪೆಟ್ಟಿಗೆ, ಚಿತ್ರಗಳ ಪುಸ್ತಕ. ನನ್ನ ಹತ್ತಿರ ಆಗಿನ ಏನಾದರೂ ಉಳಿದಿದೆಯೇ ಎಂದು ಕೇಳಿದಳು.

ಉಳಿದಿತ್ತು. ನಾನು ಮಿಕ್ಸ್ ಮಾಡಿದ ಮೂಲ ಟೇಪು, ಕೊಯ್ಯುವ ಮುಂಚಿನದು, ನನ್ನ ಮಂಚದ ಕೆಳಗೇ ಇತ್ತು. ಫೋನ್ ಇಟ್ಟವಳೇ ಅದರ ಡಬ್ಬವನ್ನು ಹೊರಗೆಳೆದು ಧೂಳು ಒರೆಸಿದೆ. ಕೊನೆಗೂ ನನ್ನ ಹಾಡು ಕೇಳಿಸುತ್ತದೆ ಎಂದುಕೊಂಡೆ.

ಊರಿನಲ್ಲೇ ಒಂದು ಕೆಫೆಯಲ್ಲಿ ಸೇರಿದೆವು. ರಸ್ ಕೂಡ ಬಂದಿದ್ದ. ಬೋಳು ತಲೆ, ದುಂಡು ಕನ್ನಡಕ, ವಿಶ್ವವಿದ್ಯಾಲಯದಲ್ಲಿ ಸಂಗೀತದ ಪಾಠ ಮಾಡುತ್ತಾನೆ. ನಾನು ಟೇಪಿನ ಡಬ್ಬವನ್ನು ಮೇಜಿನ ಮೇಲಿಟ್ಟೆ.

“ಇದ್ರಲ್ಲಿ ಬೇಸ್ ಇದೆ. ಇದನ್ನ ಅಚ್ಚು ಹಾಕಿ.”

ಇಮೋಜನ್ ಡಬ್ಬವನ್ನು ಮುಟ್ಟಲೂ ಹೆದರುವವಳಂತೆ ನೋಡಿದಳು. “ಅಯ್ಯೋ, ಬೇಸ್ ತೆಗೆಯೋಕೆ ಮುಂಚಿನದಾ? ಎಂಥಾ ಅಪರೂಪದ್ದು! ಅದನ್ನ ಯಾಕೆ ತೆಗೆದ್ರಿ ಅಂತ ರಸ್ ಅವರ ಉಪನ್ಯಾಸದಲ್ಲಿ ಕೇಳಿದ್ದೆ. ನನಗೆ ಕಣ್ಣಲ್ಲಿ ನೀರು ಬಂದಿತ್ತು.”

“ಏನು ಕೇಳಿದ್ದೆ?”

“ಅದೇ, ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಕೆಳಗಿನ ನೆಲಾನೇ ಹೋಯ್ತಲ್ಲ, ಅದನ್ನ ಕೇಳಿಸೋಕೆ ಬೇಕಂತಲೇ ಬೇಸ್ ತೆಗೆದ್ವಿ ಅಂತ. ಆ ಖಾಲಿ ಜಾಗ.”

ನಾನು ರಸ್‌ನ ಕಡೆ ತಿರುಗಿದೆ. ಅವನು ಚಹಾ ಕಲಕುತ್ತಿದ್ದ. ಅವನು ಸಕ್ಕರೆ ಹಾಕಿಕೊಂಡೇ ಇರಲಿಲ್ಲ.

“ಬೇಕಂತಲೇ ತೆಗೆದ್ವಾ ರಸ್?”

“ನೋಡು ಡಾನೆಟ್, ಹುಡುಗರು ಕೇಳ್ತಾರೆ. ಏನಾದ್ರೂ ಹೇಳ್ಬೇಕಲ್ಲ.”

“ಮುಳ್ಳು ಹಾರುತ್ತೆ ಅಂತ ಒಬ್ಬ ಕೋಟಿನವನು ಕೊಯ್ದ ಅಂತ ಹೇಳು.”

“ಅದನ್ನ ಕೇಳೋಕೆ ಯಾರು ಬರ್ತಾರೆ?”

“ನಿಜ ಕೇಳೋಕೆ ಯಾರೂ ಬರಲ್ಲ ಅಂತ ಸುಳ್ಳಿಗೆ ಸಂಬಳ ತಗೊಳ್ತೀಯಾ? ನಿನ್ನ ಖಾಲಿ ಜಾಗ ನನ್ನ ಒಂದು ಚಳಿಗಾಲ ಕಣೋ.”

ಪಕ್ಕದ ಮೇಜಿನವರು ತಿರುಗಿ ನೋಡಿದರು. ಇಮೋಜನ್ ಮೆಲ್ಲಗೆ, ಆಸ್ಪತ್ರೆಯ ದನಿಯಲ್ಲಿ, ಒಂದು ದಾರಿ ಹೇಳಿದಳು. ಜನಕ್ಕೆ ಗೊತ್ತಿರುವ ಹಾಡನ್ನು ಮೊದಲ ರೆಕಾರ್ಡಿನಲ್ಲಿ ಹಾಕೋಣ. ನನ್ನದನ್ನು ಎರಡನೆಯದರಲ್ಲಿ, ಕೊನೆಗೆ, ‘ಇನ್ನೊಂದು ರೂಪ’ ಎಂದು.

“ಇನ್ನೊಂದು ರೂಪ ಅದು,” ಎಂದೆ. “ಹಾಡು ಇದು. ಇದಕ್ಕೆ ಬರೀ ‘ನಾಲ್ಕನೇ ಪಾಳಿ’ ಅಂತ ಹಾಕಿ. ಅದಕ್ಕೆ ‘ಕಂಪನಿ ಕೊಯ್ದದ್ದು’ ಅಂತ ಹಾಕಿ. ಆಗ ಟೇಪ್ ಕೊಡ್ತೀನಿ.”

“ಅದು ಆಗಲ್ಲ ಅನ್ಸುತ್ತೆ, ಕ್ಷಮಿಸಿ. ಆ ಹಾಡನ್ನ ಜನ ಪ್ರೀತಿಸಿದ್ದಾರೆ.”

ಡಬ್ಬವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಆದರೆ ಬಿಡುಗಡೆಯ ಕಾರ್ಯಕ್ರಮಕ್ಕೆ ನುಡಿಸಲು ಒಪ್ಪಿಕೊಂಡೆ. ಒಂದೇ ಷರತ್ತು ಹಾಕಿದೆ, ಮಾವನ ಪೆಟ್ಟಿಗೆಗಳೇ ಇರಬೇಕು. ಇಮೋಜನ್‌ಗೆ ಅದು ತುಂಬ ಹಿಡಿಸಿತು. ರಸ್‌ಗೆ ಅನುಮಾನ ಬಂತು.

“ಗೊತ್ತಿರೋದನ್ನೇ ನುಡಿಸ್ತೀವಿ ತಾನೆ?”

ನಾನು ಪೆಟ್ಟಿಗೆ ಸಾಗಿಸುವ ವ್ಯಾನಿನ ಬಾಡಿಗೆ ಕೇಳಿದೆ. ಅವನು ಅದನ್ನು ಹೂಂ ಎಂದುಕೊಂಡ.

ಭಾನುವಾರ ಮಧ್ಯಾಹ್ನ, ನದಿಯ ಪಕ್ಕದಲ್ಲಿ, ಕಬ್ಬಿಣ ಉಜ್ಜುವ ಅರಗಳನ್ನು ಮಾಡುತ್ತಿದ್ದ ಹಳೆಯ ಕಾರ್ಖಾನೆ. ಈಗ ಅದು ಬಿಯರು ಮಾರುವ ಜಾಗ, ಮುಂದೆ ಅಂಗಳ, ಅಂಗಳದಲ್ಲಿ ಬೆಂಚು. ವಿಲ್ಟನ್ ಮಾವನನ್ನು ಗಾಲಿಕುರ್ಚಿಯಲ್ಲಿ ಕರೆತಂದು ನನ್ನ ಮೇಜಿನ ಪಕ್ಕ ಕೂರಿಸಿದೆ. ಎಂಬತ್ತು ದಾಟಿದವನು, ಹ್ಯಾಟು, ಇಸ್ತ್ರಿ ಮಾಡಿದ ಅಂಗಿ. ಬಂದವರನ್ನು ಒಬ್ಬೊಬ್ಬರಾಗಿ ನೋಡಿದ. ಕಪ್ಪು ಜರ್ಕಿನ್, ಬೋಳು ತಲೆ, ಎದೆಯ ಮೇಲೆ ಕಟ್ಟಿದ ಕೈ.

“ಇವ್ರೇನೇ, ಕುಣಿಯೋಕೆ ಬಂದಿದಾರಾ ಮಣ್ಣಿಗೆ ಬಂದಿದಾರಾ?”

“ನಮ್ಮ ಅಭಿಮಾನಿಗಳು ಮಾವ. ಪ್ರಭಾವಕ್ಕೆ ಒಳಗಾದೋರು.”

“ಪಾಪ. ವಾಸಿ ಆಗುತ್ತಾ ಅದು?”

ಮೊದಲ ಮೂರು ಹಾಡನ್ನು ಅವರಿಗೆ ಗೊತ್ತಿರುವಂತೆಯೇ ನುಡಿಸಿದೆವು. ನಾನು ಬೇಸನ್ನು ಕೆಳಗೇ ಇಟ್ಟೆ. ರಸ್‌ನ ಮುಖ ಸಡಿಲವಾಯಿತು. ಜನ ತಲೆಯಾಡಿಸಿದರು. ಆಮೇಲೆ ನಾನು ಮೂಲ ಟೇಪನ್ನು ಯಂತ್ರಕ್ಕೆ ಸುತ್ತಿ, ಬೇಸನ್ನು ಎಲ್ಲಿಟ್ಟು ಮಿಕ್ಸ್ ಮಾಡಿದ್ದೆನೋ ಅಲ್ಲಿಗೆ ಎತ್ತಿ, ಗುಂಡಿ ಒತ್ತಿದೆ.

ಒಂದು ಸಾಲು ಮುಗಿಯುವುದರೊಳಗೆ ಮುಂದಿನ ಸಾಲಿನವರ ಮುಖದಲ್ಲಿ ಗೊಂದಲ ಕಂಡಿತು. ಕಟ್ಟಿದ ಕೈಗಳು ಬಿಚ್ಚಿಕೊಂಡು ಕಿವಿಗೆ ಹೋದವು. ಬಾರಿನ ಗಾಜುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನನ್ನ ಹಾಡು ಅಲ್ಲಿ ನಿಂತಿತ್ತು, ಪೂರ್ತಿಯಾಗಿ, ತಳದ ಸಮೇತ. ಮಾವ ಕುರ್ಚಿಯ ಹಿಡಿಯ ಮೇಲೆ ಬೆರಳು ಬಡಿಯುತ್ತಿದ್ದ.

“ಸರಿಯಾದ್ದು ಹಾಕ್ರೀ!” ಎಂದು ಒಬ್ಬ ಕೂಗಿದ.

ಇನ್ನೊಬ್ಬ ದನಿಗೂಡಿಸಿದ. “ಹೌದ್ರೀ, ಇದಲ್ಲ! ಒರಿಜಿನಲ್ ಹಾಕಿ!”

ರಸ್ ತನ್ನ ಜಾಗ ಬಿಟ್ಟು ನನ್ನ ಮೇಜಿಗೆ ಬಂದ. ಕೈ ಚಾಚಿ, ಬೇಸ್ ಏರಿಸಿ ಇಳಿಸುವ ಕಡ್ಡಿಯನ್ನು ಕೆಳಗೆ ಎಳೆದ. ನೆಲ ಸತ್ತುಹೋಯಿತು. ಟಣ್ ಟಣ್ ಟಣ್. ಜನ ಚಪ್ಪಾಳೆ ತಟ್ಟಿದರು.

ನಾನು ಅವನ ಬೆರಳುಗಳ ಮೇಲೆ ಕೈಯಿಟ್ಟು ಕಡ್ಡಿಯನ್ನು ಮೇಲಕ್ಕೆ ನೂಕಿದೆ. ಅವನು ತಡೆದ.

“ಕೈ ತೆಗಿ.”

“ಎಲ್ಲರ ಮುಂದೆ ಬೇಡ್ವೇ. ಅವ್ರು ನಮ್ಮ ಹಾಡು ಕೇಳೋಕೆ ಬಂದಿದಾರೆ.”

“ಅದನ್ನೇ ಹಾಕಿದೀನಿ. ಕೈ ತೆಗಿ, ಇಲ್ಲಾಂದ್ರೆ ಬೆರಳು ಮುರೀತೀನಿ. ನಿಮ್ಮಪ್ಪ ಇದ್ದಿದ್ರೆ ಅವನೇ ಮುರೀತಿದ್ದ.”

ಅವನು ಕೈ ತೆಗೆದ. ವೇದಿಕೆಯಿಂದ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು, ಅಂಗಳದ ಬಾಗಿಲಿನಿಂದ ಹೊರಗೆ ಹೋದ. ಅವನ ಹಿಂದೆ ಕೆಲವರು ಹೋದರು. ಕೆಲವರ ಹಿಂದೆ ಹಲವರು.

ನಮ್ಮಲ್ಲಿ ಹಾಡು ಜನಕ್ಕೆ ಹಿಡಿಸಿದರೆ ಅವರು ಗೋಡೆ ಗುದ್ದುತ್ತಾರೆ. ಆಗ ಅರ್ಧಕ್ಕೇ ನಿಲ್ಲಿಸಿ ಮೊದಲಿನಿಂದ ಹಾಕಬೇಕು. ಕೇಳದೇ ಹಾಗೆ ಮಾಡುವುದು ದುರಹಂಕಾರ, ಮಾವ ಬದುಕಿನಲ್ಲೇ ಮಾಡಿರಲಿಲ್ಲ. ಅಂದು ಯಾರೂ ಗೋಡೆ ಗುದ್ದಲಿಲ್ಲ. ನಾನು ಟೇಪನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮೊದಲಿನಿಂದ ಹಾಕಿದೆ.

ಮಾವ ನನ್ನನ್ನು ನೋಡಿದ. “ಯಾರು ಕೇಳಿದ್ರೇ?”

“ನಾನು.”

ಆ ಜಾಗ ಬಹುತೇಕ ಖಾಲಿಯಾಯಿತು. ಉಳಿದವರು ಬಾರಿನ ಹುಡುಗಿ, ಬಾಗಿಲು ಕಾಯುವವನು, ಮೂಲೆಯಲ್ಲಿ ಒಂದಿಬ್ಬರು. ಜಾಗದ ಮಾಲೀಕ ಬಂದು ಏನೋ ಕೂಗಿದ, ನನಗೆ ಕೇಳಿಸಲಿಲ್ಲ. ಇಷ್ಟು ವರ್ಷ ಕಾದು ಖಾಲಿ ಗೋಡೆಗಳಿಗೆ ಕೇಳಿಸುತ್ತಿದ್ದೇನಲ್ಲ ಎಂದು ಸಿಟ್ಟು ಉಕ್ಕಿತು. ಹೊರಗಿನವರಿಗೆ ನಾಲ್ಕು ಮಾತು ಅಂದೇ ಬರೋಣ ಎಂದು ಎದ್ದೆ.

“ಮಾವ, ನೋಡ್ಕೊ.”

“ಹೋಗ್ ಬಾ. ಯಾವನಾದ್ರೂ ಮುಟ್ಟೋಕೆ ಬಂದ್ರೆ ಕುರ್ಚಿ ಹತ್ತಿಸ್ತೀನಿ.”

ಅಂಗಳದ ಬಾಗಿಲು ತೆರೆದು, ಹೊರಗೆ ಬಂದು, ಹಿಂದೆ ಮುಚ್ಚಿದೆ. ಬೈಯಲು ಬಾಯಿ ತೆರೆದವಳು ಹಾಗೇ ಕಿವಿಗೊಟ್ಟೆ.

ಆ ಕಾರ್ಖಾನೆಯ ಗೋಡೆ ಒಂದು ಮೊಳ ದಪ್ಪದ ಇಟ್ಟಿಗೆ. ಅದು ಸುತ್ತಿಗೆಯ ಸದ್ದನ್ನು ನುಂಗಿತ್ತು. ಡ್ರಮ್ಮಿನ ತಟ್ಟೆಯ ಸದ್ದನ್ನು, ಮಾತನ್ನು, ಪ್ರತಿಧ್ವನಿಯನ್ನು, ಅವರು ಕೈ ಕಟ್ಟಿಕೊಂಡು ಪ್ರೀತಿಸಿದ ಅಷ್ಟೂ ತಗಡನ್ನು ನುಂಗಿತ್ತು. ಗೋಡೆ ದಾಟಿ ಬರುತ್ತಿದ್ದದ್ದು ಒಂದೇ. ಬೆಂಚು ಅದುರುತ್ತಿತ್ತು. ಇಮೋಜನ್‌ಳ ಲೋಟದಲ್ಲಿ ಬಿಯರು ಉಂಗುರ ಉಂಗುರವಾಗಿ ನಡುಗುತ್ತಿತ್ತು, ಅವಳು ಅದನ್ನೇ ನೋಡುತ್ತಾ ನಿಂತಿದ್ದಳು. ಕಪ್ಪು ಜರ್ಕಿನಿನವರು ಗೊಣಗುತ್ತಿದ್ದರು, ಆದರೆ ಗೊಣಗುತ್ತಲೇ ಒಬ್ಬನ ಮೊಣಕಾಲು ತಾಳಕ್ಕೆ ಸರಿಯಾಗಿ ಮಡಿಯುತ್ತಿತ್ತು. ಅವನಿಗದು ಗೊತ್ತಿದ್ದಂತಿರಲಿಲ್ಲ.

ರಸ್ ಗೋಡೆಗೆ ಒರಗಿ ಸಿಗರೇಟು ಸೇದುತ್ತಿದ್ದ. ಆ ಇಟ್ಟಿಗೆಯ ಮೂಲಕ ಅವನ ಬೆನ್ನಿಗೆ ಎಷ್ಟು ಬೀಳುತ್ತಿರಬೇಕೆಂದು ನನಗೆ ಗೊತ್ತು.

“ಇಲ್ಲಿ ಬೇರೆ ಏನೂ ಕೇಳ್ತಿಲ್ಲ,” ಎಂದ, ನನ್ನನ್ನು ನೋಡದೆ. “ಬರೀ ನಿನ್ನ ಬೇಸು.”

“ಹೌದು.”

“ಸಾಕು ಮಾಡೇ. ಗೆದ್ದೆ ಬಿಡು.”

“ಗೆದ್ದಿಲ್ಲ. ರೆಕಾರ್ಡು ನಾಳೆ ತೆಳುವಾಗೇ ಬರುತ್ತೆ. ನೀನು ತರಗತೀಲಿ ಮತ್ತೆ ಅದೇ ಸುಳ್ಳು ಹೇಳ್ತೀಯಾ.” ಅವನ ಬಾಯಿಂದ ಸಿಗರೇಟು ಕಿತ್ತು ಕಾಲಲ್ಲಿ ಹೊಸಕಿದೆ. “ಆದ್ರೆ ಈಗ ಇಲ್ಲೇ ನಿಂತು ಕೇಳು. ಖಾಲಿ ಜಾಗ ಎಲ್ಲಿದೆ ಅಂತ ಹುಡುಕಿ ಹೇಳು ನನಗೆ.”

ಅವನು ಗೋಡೆಯಿಂದ ಬೆನ್ನು ತೆಗೆಯಲಿಲ್ಲ. ಒಳಗೆ ಹಾಡು ಮುಗಿಯುತ್ತಾ ಬಂದಿತ್ತು. ನಾನು ಬಾಗಿಲು ನೂಕಿಕೊಂಡು ಹೋಗಿ, ಮಾಲೀಕನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಟೇಪನ್ನು ಮತ್ತೆ ಮೊದಲಿಗೆ ಸುತ್ತಿದೆ.